ಗೇಟಿನ ಹೊರಗೂ ಒಂದು ಸಲ ನೋಡು

ಪುಟ್ಟಿ, ಫ್ಲ್ಯಾಟ್ ನೋಡಲು ಹೋಗುವಾಗ ಕಾರನ್ನು ಸೀದಾ ಆ ಕಟ್ಟಡದ ಬೇಸ್‌ಮೆಂಟಿಗೆ ಇಳಿಸಬೇಡಿ. ಎರಡು ರಸ್ತೆ ಆಚೆಗೇ ನಿಲ್ಲಿಸಿ, ಅಲ್ಲಿಂದ ನಡೆದು ಹೋಗಿ. ಬಿಲ್ಡರ್ ಕಡೆಯ ಹುಡುಗ ಗೇಟಿನಲ್ಲೇ ಕಾದಿದ್ದು, ಲಿಫ್ಟಿನಲ್ಲಿ ಮೇಲೆ ಕರೆದೊಯ್ದು, ಬಾಲ್ಕನಿ ಬಾಗಿಲು ತೆರೆದು ತೋರಿಸುವ ನೋಟವೇ ಬೇರೆ, ನೀವು ದಿನಾ ಓಡಾಡಬೇಕಾದ ಜಾಗವೇ ಬೇರೆ. ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಬ್ರೋಷರನ್ನು ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದೆ. ಜಿಮ್ ಇದೆ, ಈಜುಕೊಳ ಇದೆ, ಜಾಗಿಂಗ್ ಟ್ರ್ಯಾಕ್ ಇದೆ. ಹಿರಿಯರಿಗೆಂದೇ ಒಂದು ಮೂಲೆ ಮಾಡಿ, ಅಲ್ಲಿ ನಗುತ್ತ ಕೂತ ಬಿಳಿಗೂದಲಿನ ದಂಪತಿಯನ್ನೂ ಕೂರಿಸಿದ್ದಾರೆ. ಗೇಟಿನ ಹೊರಗೆ ಏನಿದೆ ಎನ್ನುವ ಫೋಟೋ ಮಾತ್ರ ಒಂದೂ ಇಲ್ಲ.

ಬೆಲೆ, ಬ್ಯಾಂಕ್ ಸಾಲ, ಖಾತೆ, ಕಾವೇರಿ ನೀರು, ಇವನ್ನೆಲ್ಲ ನೀವಿಬ್ಬರೂ ನೋಡಿಕೊಳ್ಳುತ್ತೀರಿ. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಆ ಮನೆಗೆ ಹೋದಮೇಲೆ ನೀನು, ಅಳಿಯಂದಿರು, ಚಿನ್ನು, ನಿಮ್ಮತ್ತೆ ನಾಲ್ಕೂ ಜನ ಓಡಾಡಿಕೊಂಡಿರುತ್ತೀರೋ ಕೂತಲ್ಲೇ ಕೂತಿರುತ್ತೀರೋ ಎನ್ನುವುದನ್ನು ಬಹುಪಾಲು ಆ ಬೀದಿಯೂ ಆ ಬೀದಿಯ ಜನರೂ ಸೇರಿ ತೀರ್ಮಾನ ಮಾಡುತ್ತಾರೆ. ನಿಮ್ಮ ಮನಸ್ಸಿನ ಗಟ್ಟಿತನದ ಪಾಲು ನೀವು ಅಂದುಕೊಂಡಷ್ಟು ದೊಡ್ಡದಲ್ಲ.

"ಮನಸ್ಸು ಮಾಡಿದರೆ ಎಲ್ಲಿದ್ದರೂ ವ್ಯಾಯಾಮ ಮಾಡಬಹುದು ದೊಡ್ಡಮ್ಮ" ಅನ್ನುತ್ತೀಯ, ಗೊತ್ತು. ಪ್ರತಿ ಜನವರಿಯಲ್ಲಿ ಜಿಮ್ಮಿಗೆ ಇಡೀ ವರ್ಷದ ದುಡ್ಡು ಕಟ್ಟಿ ಶಿವರಾತ್ರಿ ಹೊತ್ತಿಗೆ ಬಿಟ್ಟುಬಿಡುವುದೂ ಗೊತ್ತು. ಹಂಗಿಸಲು ಹೇಳುತ್ತಿಲ್ಲ ಕಣೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳಿರುವುದು ವಾರಕ್ಕೆ ಕಡಿಮೆಯೆಂದರೂ 150 ನಿಮಿಷ, ಉಸಿರು ಸ್ವಲ್ಪ ಜೋರಾಗುವ ಹಾಗೆ ಮೈ ಆಡಿಸಬೇಕು ಎಂದು. ಬಿರುಸಿನ ನಡಿಗೆಯಾದರೂ ಸಾಕು. ಅಷ್ಟನ್ನೂ ಮಾಡದವರು ನಮ್ಮ ದೇಶದಲ್ಲಿ ಎಷ್ಟು ಜನ ಎನ್ನುವ 2022ರ ಲೆಕ್ಕ, 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ ಬಂತು. ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧ ಜನ. ಗಂಡಸರಲ್ಲಿ ನೂರಕ್ಕೆ 42, ಹೆಂಗಸರಲ್ಲಿ 57. ಅರ್ಧ ದೇಶ ಒಟ್ಟಿಗೆ ಸೋಮಾರಿಯಾಗುವುದುಂಟೆ? ಅದರಲ್ಲೂ ಹೆಂಗಸರಿಗೆ ಗಟ್ಟಿ ಮನಸ್ಸಿಲ್ಲ ಎಂದು ಯಾರಾದರೂ ಹೇಳಿದರೆ, ಅವರನ್ನು ಅವರ ಮನೆಯ ಅಡುಗೆಮನೆಯಲ್ಲೇ ಒಂದು ವಾರ ನಿಲ್ಲಿಸಬೇಕು. ತೊಡಕು ಬೇರೆಲ್ಲೋ ಇದೆ.

ಎಲ್ಲಿದೆ ಎನ್ನುವುದಕ್ಕೆ ಹಳೆಯದೊಂದು ಅಧ್ಯಯನ ನನಗೆ ಬಹಳ ಇಷ್ಟ. ಲಂಡನ್ನಿನಲ್ಲಿ ಜೆರ್ರಿ ಮಾರಿಸ್ ಎನ್ನುವ ವೈದ್ಯರು ಡಬಲ್ ಡೆಕ್ಕರ್ ಬಸ್ಸಿನ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಹೋಲಿಸಿ ನೋಡಿದರು. ಇಬ್ಬರದೂ ಒಂದೇ ಬಸ್ಸು, ಒಂದೇ ಧಣಿ. ಡ್ರೈವರ್ ದಿನವಿಡೀ ಕೂತಿರುತ್ತಾನೆ. ಕಂಡಕ್ಟರ್ ಟಿಕೆಟ್ ಕೊಡಲು ಮೇಲಕ್ಕೂ ಕೆಳಕ್ಕೂ ದಿನಕ್ಕೆ ನೂರಾರು ಮೆಟ್ಟಿಲು ಹತ್ತಿಳಿಯುತ್ತಾನೆ. ಹೃದ್ರೋಗ ಕಂಡಕ್ಟರುಗಳಲ್ಲಿ ಕಡಿಮೆ, ಬಂದರೂ ಅದರ ಪೆಟ್ಟು ಕಡಿಮೆ ಎಂದು 1953ರಲ್ಲಿ ಬರೆದರು. ಆ ಕಂಡಕ್ಟರುಗಳು ಯಾರೂ ನಾಳೆಯಿಂದ ವ್ಯಾಯಾಮ ಶುರು ಎಂದು ಶಪಥ ಮಾಡಿದವರಲ್ಲ. ಬಸ್ಸಿಗೆ ಮೆಟ್ಟಿಲಿತ್ತು, ಮೇಲೆ ಜನ ಕೂತಿದ್ದರು, ಹತ್ತಿದರು.

ಊರು ಕಟ್ಟಿರುವ ರೀತಿಯಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂದೂ ಈಚೆಗೆ ಅಳೆದಿದ್ದಾರೆ. ಹತ್ತು ದೇಶಗಳ 14 ನಗರಗಳಲ್ಲಿ 6,822 ಜನರಿಗೆ ಮೈಯ ಅಲುಗಾಟ ಅಳೆಯುವ ಪುಟ್ಟ ಯಂತ್ರ ಕಟ್ಟಿ ನೋಡಿದ ಅಧ್ಯಯನ 2016ರಲ್ಲಿ ಬಂತು. ಮನೆಗಳು ಹತ್ತಿರ ಹತ್ತಿರ, ಅಡ್ಡರಸ್ತೆಗಳು ಬೇಕಾದಷ್ಟು, ಬಸ್ ಸ್ಟಾಪು ಪಾರ್ಕುಗಳು ಕಾಲಳತೆಯಲ್ಲಿ, ಹೀಗಿರುವ ಬಡಾವಣೆಯ ಜನ, ಇವು ತೀರಾ ಕಡಿಮೆಯಿರುವ ಕಡೆಯವರಿಗಿಂತ ವಾರಕ್ಕೆ 68ರಿಂದ 89 ನಿಮಿಷ ಹೆಚ್ಚು ಓಡಾಡುತ್ತಿದ್ದರು. ಆ 150 ನಿಮಿಷದಲ್ಲಿ ಅರ್ಧದಷ್ಟು ಮನೆಯ ವಿಳಾಸದಲ್ಲೇ ಬಂದುಬಿಟ್ಟಿತಲ್ಲ! ಆ ಹದಿನಾಲ್ಕರಲ್ಲಿ ನಮ್ಮ ದೇಶದ ನಗರ ಒಂದೂ ಇರಲಿಲ್ಲ ಅನ್ನು. ನಮ್ಮಲ್ಲಿ ಮನೆಗಳು ಹತ್ತಿರ ಇರುವುದಕ್ಕೇನೂ ಬರವಿಲ್ಲ, ಕಾಲಿಡಲು ಜಾಗಕ್ಕೆ ಬರ.

ನಮ್ಮ ಪಕ್ಕದ ಚೆನ್ನೈಯಲ್ಲಿ ನಡೆದದ್ದು ಇನ್ನೂ ಸ್ವಾರಸ್ಯವಾಗಿದೆ. ಅಲ್ಲಿ ಏಷ್ಯಾಡ್ ಕಾಲೊನಿ ಎಂದು ಮಧ್ಯಮ ವರ್ಗದವರ ಬಡಾವಣೆ. ಸಕ್ಕರೆ ಕಾಯಿಲೆ ತಜ್ಞ ಡಾ. ವಿ. ಮೋಹನ್ ಅವರ ತಂಡ 1990ರ ದಶಕದ ಕೊನೆಗೆ ಅಲ್ಲಿ ಮನೆಮನೆ ಸಮೀಕ್ಷೆ ಮಾಡಿತು. ವ್ಯಾಯಾಮ ಮಾಡುತ್ತಿದ್ದವರು ನೂರಕ್ಕೆ 14 ಜನ. ಕಾಯಿಲೆ ಯಾಕೆ ಏರುತ್ತಿದೆ, ಏನು ಮಾಡಬಹುದು ಎಂದು ವೈದ್ಯರು ಅಲ್ಲಿಯವರಿಗೆ ತಿಳಿಸಿ ಹೇಳಿದರು. ಜನ ಸೇರಿ ಮಾತಾಡಿಕೊಂಡು, ತಾವೇ ದುಡ್ಡು ಹಾಕಿ, ಒಂದು ಪಾರ್ಕು ಕಟ್ಟಿಕೊಂಡರು. ಕೆಲವು ವರ್ಷಗಳ ನಂತರ ಮತ್ತೆ ಹೋಗಿ ಕೇಳಿದಾಗ ವ್ಯಾಯಾಮ ಮಾಡುವವರು ನೂರಕ್ಕೆ ಸುಮಾರು 59 ಆಗಿದ್ದರು. ಗಾರೆ ಸಿಮೆಂಟಿನ ಪಾರ್ಕೊಂದನ್ನು ಪಾಲಿಕೆಯವರು ತಂದು ಇಟ್ಟು ಹೋಗಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದು ನನ್ನ ಎಣಿಕೆ. ಚಂದಾ ಕೊಟ್ಟವನು ತನ್ನ ದುಡ್ಡು ಏನಾಯಿತು ಎಂದು ನೋಡಲಾದರೂ ದಿನಾ ಬರುತ್ತಾನೆ. ಬಂದರೆ ನಾಲ್ಕು ಜನ ಸಿಗುತ್ತಾರೆ. ಸಿಕ್ಕಿದರೆ ಮಾತು, ಮಾತಿನ ಜೊತೆಗೆ ಎರಡು ಸುತ್ತು.

ಅದೇ ಅಧ್ಯಯನದಲ್ಲಿ ಬಡವರ ಬಡಾವಣೆಯೂ ಒಂದಿತ್ತು. ಹತ್ತು ವರ್ಷದಲ್ಲಿ ಅಲ್ಲಿ ಸಕ್ಕರೆ ಕಾಯಿಲೆ ಎರಡು ಪಟ್ಟಿಗೂ ಮೀರಿ ಏರಿ ಹೆಚ್ಚುಕಡಿಮೆ ಏಷ್ಯಾಡ್ ಕಾಲೊನಿಯ ಮಟ್ಟಕ್ಕೆ ಬಂದು ನಿಂತಿತು. ಸೇರಿ ಪಾರ್ಕು ಕಟ್ಟಿಕೊಳ್ಳುವ ಅನುಕೂಲ ಎಲ್ಲರಿಗೂ ಎಲ್ಲಿರುತ್ತದೆ ಹೇಳು.

ಈಗ ನಿನ್ನ ಎರಡು ಮನೆಗಳ ವಿಷಯ. ಒಂದು ಸರ್ಜಾಪುರ ರಸ್ತೆ ಕಡೆ, ಹದಿನಾಲ್ಕನೇ ಮಹಡಿ. ಇನ್ನೊಂದು ಬನಶಂಕರಿ ಎರಡನೇ ಹಂತದಲ್ಲಿ, ಹಳೇ ಕಟ್ಟಡದ ಎರಡನೇ ಮಹಡಿ. ಎರಡೂ ಕಡೆ ಮೊದಲು ಫುಟ್‌ಪಾತ್ ನೋಡು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ನಿಯಮದಂತೆ ಮನೆಗಳಿರುವ ರಸ್ತೆಯಲ್ಲೂ ಫುಟ್‌ಪಾತಿಗೆ ಅಡ್ಡಿಯಿಲ್ಲದ 1.8 ಮೀಟರ್ ಅಗಲ ಇರಬೇಕು, ರಸ್ತೆಯಿಂದ 15 ಸೆಂಟಿಮೀಟರಿಗಿಂತ ಎತ್ತರ ಇರಬಾರದು. 1.8 ಮೀಟರ್ ಎಂದರೆ ಸುಮಾರು ಆರಡಿ, ಇಬ್ಬರು ಪಕ್ಕಪಕ್ಕದಲ್ಲಿ ಮಾತಾಡಿಕೊಂಡು ನಡೆಯುವಷ್ಟು. ಅದಕ್ಕಿಂತ ಕಿರಿದಾದರೆ ಒಬ್ಬರ ಹಿಂದೆ ಒಬ್ಬರು ಹೋಗಬೇಕು, ಮಾತು ನಿಲ್ಲುತ್ತದೆ. ಮಾತು ನಿಂತರೆ ಹೆಂಗಸರ ವಾಕಿಂಗ್ ಹೆಚ್ಚು ದಿನ ನಡೆಯುವುದಿಲ್ಲ. ಗಂಡಸರದೂ ಅಷ್ಟೆ, ಅವರು ಒಪ್ಪಿಕೊಳ್ಳುವುದಿಲ್ಲ.

ನಿಯಮ ಹಾಗಿದೆ. ಬೀದಿಯಲ್ಲಿ ಇರುವುದು ಹೇಗೆ ಎಂದರೆ, ಒಂದು ಕಡೆ ಟ್ರಾನ್ಸ್‌ಫಾರ್ಮರ್, ಒಂದು ಕಡೆ ಸುರುಳಿ ಸುತ್ತಿ ಬಿಟ್ಟ ಇಂಟರ್‌ನೆಟ್ ಕೇಬಲ್, ಮನೆ ಕಟ್ಟಿಸುವವರ ಜಲ್ಲಿ ರಾಶಿ, ನಡುನಡುವೆ ಬಾಯಿ ತೆರೆದ ಮೋರಿ ಚಪ್ಪಡಿ. ಇವೆಲ್ಲಕ್ಕಿಂತ ನನಗೆ ಸಿಟ್ಟು ಬರಿಸುವುದು ಪ್ರತಿ ಮನೆಯವರೂ ತಮ್ಮ ಕಾರು ಹತ್ತಲೆಂದು ಫುಟ್‌ಪಾತಿನ ಮೇಲೇ ಕಟ್ಟಿಸಿಕೊಂಡ ಇಳಿಜಾರು. ಒಂದು ರಸ್ತೆಯಲ್ಲಿ ಇಪ್ಪತ್ತು ಮನೆ ಇದ್ದರೆ ಇಪ್ಪತ್ತು ಸಲ ಹತ್ತಬೇಕು, ಇಪ್ಪತ್ತು ಸಲ ಇಳಿಯಬೇಕು, ಅದೂ ಓರೆಯಾಗಿ. ಮಂಡಿ ಸವೆದವರು ಮೂರನೇ ಮನೆಯ ಹೊತ್ತಿಗೆ ರಸ್ತೆಗೆ ಇಳಿದುಬಿಡುತ್ತಾರೆ. ಹಿಂದಿನಿಂದ ಸ್ಕೂಟರಿನವನು ಹಾರ್ನ್ ಹೊಡೆಯುತ್ತಾನೆ. ಮಾರನೇ ದಿನ ಅವರು ಮನೆಯಿಂದ ಹೊರಡುವುದೇ ಇಲ್ಲ. ಅಡ್ಡಿಯಿಲ್ಲದ ಫುಟ್‌ಪಾತ್ ಬದುಕುವ ಹಕ್ಕಿನ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾನಂತೂ ಆ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆಯಲ್ಲಿ ಟೆಂಡರ್‌ಶ್ಯೂರ್ ಎನ್ನುವ ಯೋಜನೆಯಲ್ಲಿ ಅಗಲವಾದ ಫುಟ್‌ಪಾತ್ ಮಾಡಿದ್ದಾರೆ, ನೀನೇ ನೋಡಿದ್ದೀಯ. ಮಾಡಿದರೆ ಆಗುತ್ತದೆ. ಆದರೆ ನಿಮ್ಮತ್ತೆ ದಿನಾ ನಡೆಯಬೇಕಾದ್ದು ರೆಸಿಡೆನ್ಸಿ ರಸ್ತೆಯಲ್ಲಲ್ಲವಲ್ಲ.

ಒಂದೇ ಸಲ ನೋಡಿ ಬರಬೇಡ. ಬೆಳಿಗ್ಗೆ ಆರಕ್ಕೆ ಒಮ್ಮೆ ಹೋಗು, ಸಂಜೆ ಏಳೂವರೆಗೆ ಇನ್ನೊಮ್ಮೆ. ಏಳೂವರೆಗೆ ಬೀದಿದೀಪ ಎಷ್ಟು ಉರಿಯುತ್ತಿವೆ, ಮೂಲೆಯಲ್ಲಿ ನಾಯಿಗಳ ಹಿಂಡು ಇದೆಯೇ, ನಿನ್ನ ಕಣ್ಣಿಗೇ ಬೀಳುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಹೊತ್ತಿನಲ್ಲಿ ಹೆಂಗಸರು ಒಬ್ಬೊಬ್ಬರೇ ಓಡಾಡುತ್ತಿದ್ದಾರೆಯೇ ನೋಡು. ಮಕ್ಕಳು ಹೊರಗಿದ್ದಾರೆಯೇ? ಮುದುಕರು ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಹೋಗಿ ಬರುವವರನ್ನು ಮಾತಾಡಿಸುತ್ತಿದ್ದಾರೆಯೇ? ಬೀದಿಯನ್ನು ಕಾಯುವವರು ಪೊಲೀಸರಿಗಿಂತ ಹೆಚ್ಚಾಗಿ ಹೀಗೆ ಕಿಟಕಿ ಬಾಗಿಲಿನಿಂದ ನೋಡುವ ಜನರೇ ಎಂದು ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲೇ ಒಂದು ದೊಡ್ಡ ಪುಸ್ತಕ ಬರೆದರು. ನಮ್ಮ ಜಗಲಿ ಮೇಲೆ ಕೂರುತ್ತಿದ್ದ ಅಜ್ಜಿಯರಿಗೆ ಅದನ್ನು ಯಾರೂ ಓದಿ ಹೇಳಬೇಕಿರಲಿಲ್ಲ.

ಎರಡನೆಯದು, ನಡೆದು ಹೋಗುವುದಕ್ಕೆ ಒಂದು ಕಡೆ ಇರಬೇಕು. ಸುಮ್ಮಸುಮ್ಮನೆ ಗಿರಕಿ ಹೊಡೆಯುವುದು ಎಲ್ಲರಿಗೂ ಒಗ್ಗುವುದಿಲ್ಲ. ಮಾಸ್ತಿಯವರು ಇಳಿವಯಸ್ಸಿನಲ್ಲೂ ಗವಿಪುರದ ಮನೆಯಿಂದ ಕೋಟು ಹಾಕಿ, ಛತ್ರಿ ಹಿಡಿದು ಬಸವನಗುಡಿ ಕ್ಲಬ್ಬಿಗೆ ನಡೆದು ಹೋಗುತ್ತಿದ್ದದ್ದನ್ನು ಆ ಕಡೆಯ ಹಳಬರು ಈಗಲೂ ಹೇಳುತ್ತಾರೆ. ಹೋಗುತ್ತಿದ್ದದ್ದು ಆರೋಗ್ಯ ಕಾಪಾಡಿಕೊಳ್ಳಲು ಎಂದುಕೊಂಡೆಯಾ? ಇಸ್ಪೀಟಾಡಲು. ಜೊತೆಗಾರರು ಎಲೆ ಹಾಕಿಕೊಂಡು ಕಾಯುತ್ತಿದ್ದರು. ತೊಂಬತ್ತೈದು ವರ್ಷ ಬಾಳಿದರು. ಆ ಬಸವನಗುಡಿಯೂ ಮಲ್ಲೇಶ್ವರವೂ 1898ರ ಪ್ಲೇಗಿನ ನಂತರ ಗಾಳಿ ಬೆಳಕು ಬರಲೆಂದು ಅಗಲ ರಸ್ತೆ ಬಿಟ್ಟು ಬೆಳೆಸಿದ ಬಡಾವಣೆಗಳು. ಮಾರುಕಟ್ಟೆ, ದೇವಸ್ಥಾನ, ಸ್ಕೂಲು ಎಲ್ಲ ಕಾಲಳತೆಯಲ್ಲಿ. ರೋಗಕ್ಕೆ ಹೆದರಿ ಮಾಡಿದ ಒಳ್ಳೆಯ ಕೆಲಸದ ಫಲವನ್ನು ಎಷ್ಟೋ ತಲೆಮಾರು ಉಂಡಿತು.

ಈಗ ನೋಡು, ಕೊತ್ತಂಬರಿ ಸೊಪ್ಪಿನ ಒಂದು ಕಟ್ಟಿಗೂ ಫೋನ್ ಒತ್ತಿದರೆ ಹತ್ತು ನಿಮಿಷಕ್ಕೆ ಹುಡುಗನೊಬ್ಬ ಸ್ಕೂಟರಿನಲ್ಲಿ ತಂದುಕೊಡುತ್ತಾನೆ. ನೀವು ನಡೆಯಬೇಕಾದ ಹೆಜ್ಜೆಗಳೂ ಹೋದವು, ಸೊಪ್ಪಿನವಳ ಜೊತೆ ಆಡುವ ಎರಡು ಮಾತೂ ಹೋಯಿತು. ಹಾಲನ್ನಾದರೂ ಮನೆಗೆ ತರಿಸಬೇಡ. ನಂದಿನಿ ಬೂತಿಗೆ ನೀನೇ ಹೋಗು. ನಾನು ಗಮನಿಸಿದ ಮಟ್ಟಿಗೆ ಒಂದು ಬೀದಿಯವರ ಪರಿಚಯವಾಗಲು ಹಾಲಿನ ಬೂತಿನಂಥ ಜಾಗ ಇನ್ನೊಂದಿಲ್ಲ. ದೇವಸ್ಥಾನಕ್ಕೆ ಹೋಗದವರೂ ಅಲ್ಲಿಗೆ ಬರುತ್ತಾರೆ. ಮನೆ ನೋಡುವಾಗ ಹಾಲಿನ ಬೂತು, ಹಿಟ್ಟಿನ ಮಿಲ್ಲು, ತರಕಾರಿ ಗಾಡಿ, ಟೈಲರು, ಲೈಬ್ರರಿ, ಇವುಗಳಲ್ಲಿ ಎಷ್ಟಕ್ಕೆ ಕಾರು ತೆಗೆಯದೆ ಹೋಗಿಬರಬಹುದು ಎಂದು ಬೆರಳು ಮಡಚಿ ಎಣಿಸು.

ಇನ್ನು ಜನರ ಮಾತು. ಬೀದಿ ಎಷ್ಟೇ ಚೆನ್ನಾಗಿರಲಿ, ಬೆಳಿಗ್ಗೆ ಚಳಿಯಲ್ಲಿ ಹೊದಿಕೆ ತೆಗೆದು ಏಳಿಸುವುದು ಬೀದಿಯಲ್ಲ, ನಿನ್ನೆ ಬಾರದಿದ್ದಕ್ಕೆ "ಯಾಕ್ರೀ, ಬರಲೇ ಇಲ್ಲ?" ಎಂದು ಕೇಳುವ ಒಬ್ಬರು. ಮೈಸೂರಿನ ನಮ್ಮ ಸರಸ್ವತಿಪುರಂನಲ್ಲಿ ಇದನ್ನು ಬಹಳ ಹತ್ತಿರದಿಂದ ಕಂಡಿದ್ದೇನೆ. ನಮ್ಮ ಕೋಲಾಟದ ಗುಂಪು ನಿನಗೆ ಗೊತ್ತಲ್ಲ, ಸಂಜೆ ದೇವಸ್ಥಾನದ ಹಿಂದಿನ ಅಂಗಳದಲ್ಲಿ ಸೇರುವುದು. ಅರ್ಧ ಜನರ ಮಂಡಿಗೆ ಬೆಲ್ಟು, ಕೆಲವರಿಗೆ ಬಿಪಿ, ಒಬ್ಬರಿಗೆ ಸ್ಟೆಂಟ್ ಆಗಿದೆ. ಹಾಡು ತಪ್ಪಿದರೆ ಜಗಳ, ಕೋಲು ಬೆರಳಿಗೆ ತಗುಲಿದರೆ ಇನ್ನೊಂದು ಜಗಳ. ಒಂದು ಗಂಟೆ ಕುಣಿದದ್ದು ಯಾರಿಗೂ ವ್ಯಾಯಾಮ ಅನ್ನಿಸುವುದೇ ಇಲ್ಲ, ಸೀರೆ ಸೆರಗು ಮಾತ್ರ ಬೆವರಿನಲ್ಲಿ ಒದ್ದೆ.

ಆ ಗುಂಪಿನಲ್ಲಿ ನಮ್ಮ ಹಿಂದಿನ ಬೀದಿಯವರೊಬ್ಬರಿದ್ದರು. ಯಜಮಾನರು ತೀರಿಕೊಂಡಮೇಲೆ ಬರುವುದು ಬಿಟ್ಟರು. ತಿಂಗಳುಗಟ್ಟಲೆ ಒಳಗೇ ಇದ್ದರು, ಕಾಲು ಊದಿಕೊಂಡಿತು, ಮಗ ಫೋನಿನಲ್ಲೇ ಬೈದ, ಡಾಕ್ಟರು ನಡೆಯಿರಿ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಏನೂ ಆಗಲಿಲ್ಲ. ಆಮೇಲೆ ನಮ್ಮ ಗುಂಪಿನ ಹಿರಿಯರೊಬ್ಬರು ಅವರ ಮನೆಗೆ ಹೋಗಿ, ಸಮಾಧಾನ ಗಿಮಾಧಾನ ಏನೂ ಹೇಳದೆ, ಕೋಲುಗಳನ್ನೂ ಟೇಪ್ ರೆಕಾರ್ಡರನ್ನೂ ಇಡುವ ಕೋಣೆಯ ಬೀಗದ ಕೈ ಅವರ ಕೈಗೆ ಕೊಟ್ಟು ಬಂದರು. "ನನಗೆ ಕಾಲು ನೋವು, ಇನ್ನುಮುಂದೆ ನೀವೇ ತೆಗೆಯಬೇಕು." ಅಷ್ಟೆ. ಸಂಜೆ ಐದಕ್ಕೆ ಹತ್ತಾರು ಹೆಂಗಸರು ಬಾಗಿಲ ಮುಂದೆ ಕಾಯುತ್ತಾರೆ ಎಂದಮೇಲೆ ಬಾರದೆ ಏನು ಮಾಡುತ್ತಾರೆ? ಮೊದಲು ಬೀಗ ತೆಗೆದುಕೊಟ್ಟು ಕಟ್ಟೆ ಮೇಲೆ ಕೂರುತ್ತಿದ್ದರು. ಈಗ ಹೆಜ್ಜೆ ತಪ್ಪಿದವರನ್ನು ಗದರುವವರು ಅವರೇ.

ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಬೆಳಿಗ್ಗೆ ಬರುವ ಗುಂಪುಗಳೂ ಹಾಗೆಯೇ. ಮುಂಬಯಿಯ ಡಾ. ಮದನ್ ಕಟಾರಿಯಾ 1995ರಲ್ಲಿ ಪಾರ್ಕೊಂದರಲ್ಲಿ ಐದೇ ಜನರನ್ನು ಸೇರಿಸಿಕೊಂಡು ಶುರು ಮಾಡಿದ ನಗೆಕೂಟ ದೇಶವಿದೇಶಕ್ಕೆ ಹಬ್ಬಿತಲ್ಲ, ನಗುವಿನಿಂದ ಏನೇನು ಗುಣವಾಗುತ್ತದೆ ಎನ್ನುವುದು ಹಾಗಿರಲಿ, ಬೆಳಿಗ್ಗೆ ಆರಕ್ಕೆ ಪಾರ್ಕಿನಲ್ಲಿ ಹತ್ತು ಜನ ನಮಗಾಗಿ ಇರುತ್ತಾರೆ ಎನ್ನುವುದೇ ಅರ್ಧ ಔಷಧ. ಕ್ಯಾಲಿಫೋರ್ನಿಯಾದ ಆಲಮೇಡಾ ಕೌಂಟಿಯಲ್ಲಿ ಸುಮಾರು ಏಳು ಸಾವಿರ ಜನರನ್ನು ಒಂಬತ್ತು ವರ್ಷ ಗಮನಿಸಿ 1979ರಲ್ಲಿ ಬರೆದರು: ನೆಂಟರು, ಸ್ನೇಹಿತರು, ಸಂಘ ಸಂಸ್ಥೆ ಎಂದು ಬಳಕೆ ತೀರಾ ಕಡಿಮೆಯಿದ್ದವರಲ್ಲಿ ಆ ಅವಧಿಯಲ್ಲಿ ಸತ್ತವರ ಪ್ರಮಾಣ, ಬಳಕೆ ಹೆಚ್ಚಿದ್ದವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಬೀಡಿ ಸಿಗರೇಟು, ಕುಡಿತ, ವ್ಯಾಯಾಮ ಎಲ್ಲ ಲೆಕ್ಕಕ್ಕೆ ಹಿಡಿದಮೇಲೂ ವ್ಯತ್ಯಾಸ ಉಳಿಯಿತಂತೆ.

ಗುಂಪಿನ ಗುಣವನ್ನೇ ಹೇಳಿ ಸುಮ್ಮನಾದರೆ ತಪ್ಪಾಗುತ್ತದೆ. ಎರಡು ಸುತ್ತು ನಡೆದು, ಎರಡು ಮಸಾಲೆ ದೋಸೆ ತಿಂದು, ಆಟೋದಲ್ಲಿ ಮನೆಗೆ ಬರುವ ವಾಕಿಂಗ್ ಗುಂಪುಗಳೂ ಇವೆ. ಗೆಳೆಯ ದಪ್ಪಗಾದರೆ ನಾವೂ ದಪ್ಪಗಾಗುವ ಸಂಭವ ಹೆಚ್ಚು ಎಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನ ಮೂವತ್ತೆರಡು ವರ್ಷದ ದಾಖಲೆ ಹಿಡಿದು 2007ರಲ್ಲಿ ಇಬ್ಬರು ಸಂಶೋಧಕರು ವಾದಿಸಿದರು. ಆ ಲೆಕ್ಕವನ್ನು ಒಪ್ಪದ ಪಂಡಿತರೂ ಇದ್ದಾರೆ. ನಮ್ಮ ದೋಸೆ ಗುಂಪನ್ನು ನೋಡಿದವಳಿಗೆ ಮಾತ್ರ ಅನುಮಾನವಿಲ್ಲ.

ದೋಸೆಗಿಂತ ಕೆಟ್ಟದ್ದೂ ಇದೆ. ಬೀದಿಯ ಯಾವ ಕಣ್ಣು ನಮ್ಮನ್ನು ಕಾಯುತ್ತದೋ ಅದೇ ಕಣ್ಣು ಕಟ್ಟಿಹಾಕುವುದೂ ಉಂಟು. "ಇಷ್ಟು ಹೊತ್ತಿನಲ್ಲಿ ಎಲ್ಲಿಗಮ್ಮ?" ಎಂದು ದಿನಾ ಕೇಳಿಸಿಕೊಂಡರೆ ಹೊಸ ಸೊಸೆಯಾದವಳು ವಾಕಿಂಗ್ ಶೂ ಒಗೆದು ಅಟ್ಟಕ್ಕೆ ಹಾಕುತ್ತಾಳೆ. ನಮ್ಮ ಕಾಲದಲ್ಲಿ ಸೀರೆಯ ಮೇಲೆ ಶೂ ಹಾಕಿದರೇ ನಗುತ್ತಿದ್ದರು. ಇನ್ನೂ ಒಂದಿದೆ, ಇದನ್ನು ನೀನು ಆ ಸರ್ಜಾಪುರ ರಸ್ತೆಯ ಕಟ್ಟಡದಲ್ಲಿ ಕೇಳಿಯೇ ತಿಳಿದುಕೊಳ್ಳಬೇಕು. ಕೆಲವು ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸದವರು ಒಳಗಿನ ಪಾರ್ಕಿನ ಬೆಂಚಿನ ಮೇಲೆ ಕೂರಬಾರದು, ಮಾಮೂಲಿ ಲಿಫ್ಟ್ ಹತ್ತಬಾರದು ಎಂದು ಬೋರ್ಡು ಹಾಕುತ್ತಾರಂತೆ. ಅಂಥ ಬೋರ್ಡು ಕಂಡರೆ ಅಡ್ವಾನ್ಸ್ ಕೊಡಬೇಡ. ಹತ್ತು ಮಹಡಿ ಗುಡಿಸಿ ಬಂದವಳನ್ನು ಬೆಂಚಿನಿಂದ ಎಬ್ಬಿಸುವವರು ನಾಳೆ ನಿಮ್ಮತ್ತೆ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಿದರೆ ಅದಕ್ಕೂ ನೋಟಿಸ್ ಕೊಡುತ್ತಾರೆ.

ಗೇಟಿರುವ ಕಡೆಯೆಲ್ಲ ಕೆಟ್ಟದ್ದು ಎನ್ನುತ್ತಿಲ್ಲ. ಒಳಗೆ ದೀಪವಿರುತ್ತದೆ, ನಾಯಿಕಾಟ ಕಡಿಮೆ, ರಾತ್ರಿ ಒಂಬತ್ತಕ್ಕೂ ಹೆಂಗಸರು ನಿರ್ಭಯವಾಗಿ ಸುತ್ತು ಹಾಕಬಹುದು. ಕೆಲಸ ಮುಗಿಸಿ ಎಂಟಕ್ಕೆ ಬರುವ ನಿನ್ನಂಥವಳಿಗೆ ಅದೇನು ಸಣ್ಣ ಅನುಕೂಲವಲ್ಲ. ಸರ್ಜಾಪುರ ರಸ್ತೆಯಲ್ಲೇ ಕೈಕೊಂಡ್ರಹಳ್ಳಿ ಕೆರೆ ಇದೆ ನೋಡು, ಕೊಳಚೆಯಾಗಿ ಬತ್ತುತ್ತಿದ್ದದ್ದನ್ನು ಸುತ್ತಲಿನ ನಿವಾಸಿಗಳು ಪಾಲಿಕೆಯ ಬೆನ್ನು ಬಿದ್ದು, ಜೊತೆಗೆ ನಿಂತು ಉಳಿಸಿಕೊಂಡರು. ಈಗ ಸುತ್ತ ನಡೆಯುವ ದಾರಿಯಿದೆ. ನೀವು ನೋಡಲಿರುವ ಕಟ್ಟಡ ಆ ಕೆರೆಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ನನ್ನ ಮಾತಿನಲ್ಲಿ ಅರ್ಧ ವಾಪಸ್. ನಡುವೆ ಆರು ಪಥದ ರಸ್ತೆ ದಾಟಬೇಕಿದ್ದರೆ ಮಾತ್ರ ಕೆರೆ ಇದ್ದೂ ಇಲ್ಲ.

ಚಿನ್ನು ವಿಷಯ ಒಂದೇ ಮಾತಲ್ಲಿ ಹೇಳುತ್ತೇನೆ. ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಆಟ ಬೇಕು ಎನ್ನುತ್ತಾರೆ. ಬಣ್ಣದ ಜಾರುಬಂಡೆ, ರಬ್ಬರ್ ಹಾಸಿನ ನೆಲ ನೋಡಿ ಮರುಳಾಗಬೇಡ. ಅವನ ವಯಸ್ಸಿನ ಮೂರು ಹುಡುಗರು ಸಂಜೆ ಐದಕ್ಕೆ ಕೆಳಗೆ ಇರುತ್ತಾರೆಯೇ ಎಂದು ವಾಚ್‌ಮನ್ನನ್ನು ಕೇಳು. ಇದ್ದರೆ ಒಂದು ಹಳೇ ಟೆನಿಸ್ ಬಾಲ್ ಸಾಕು. ಪಾರ್ಕಿನ ಬೋರ್ಡಿನಲ್ಲಿ "ಚೆಂಡಾಟ ನಿಷೇಧಿಸಿದೆ" ಎಂದಿದೆಯೇ ಅದನ್ನೂ ನೋಡಿಕೋ.

ನನ್ನ ಚಿಂತೆಯೆಲ್ಲ ನಿಮ್ಮತ್ತೆಯದು. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅವರು ಎಂದಾದರೂ ವಾಕಿಂಗ್ ಅಂತ ಹೋದವರೇ? ಕೊಟ್ಟಿಗೆ, ಬಾವಿಕಟ್ಟೆ, ತೋಟ, ಆಚೆ ಮನೆಗೆ ಮಜ್ಜಿಗೆ ಕೊಡಲು ಒಮ್ಮೆ, ಪಾತ್ರೆ ತರಲು ಇನ್ನೊಮ್ಮೆ. ಬೆಂಗಳೂರಿಗೆ ಬಂದು ನಿಮ್ಮ ಬಾಡಿಗೆ ಮನೆಯಲ್ಲಿ ಸೋಫಾದಿಂದ ಟಿವಿ, ಟಿವಿಯಿಂದ ಸೋಫಾ. ಈಗ ಶುಗರ್ ಬಂದಿದೆ. ಅವರಿಗೆ ಟ್ರೆಡ್‌ಮಿಲ್ ತಂದುಕೊಡುತ್ತೇನೆ ಎಂದು ಅಳಿಯಂದಿರು ಹೇಳಿದ್ದು ಕೇಳಿ ಒಳಗೊಳಗೇ ನಕ್ಕೆ, ಅವರಿಗೆ ಹೇಳಬೇಡ. ಆ ಹೆಂಗಸಿಗೆ ಬೇಕಿರುವುದು ಮಜ್ಜಿಗೆ ಕೊಡಲು ಒಂದು ಆಚೆ ಮನೆ. ಹದಿನಾಲ್ಕನೇ ಮಹಡಿಯಲ್ಲಿ ಎದುರಿನ ಬಾಗಿಲು ಸದಾ ಮುಚ್ಚಿರುತ್ತದೆ, ಲಿಫ್ಟಿನಲ್ಲಿ ಒಬ್ಬರೇ ಇಳಿಯಲು ಅವರಿಗೆ ಭಯ. ಎರಡನೇ ಮಹಡಿಯಿಂದಾದರೆ ಕಂಬಿ ಹಿಡಿದುಕೊಂಡು ಇಳಿದುಬಿಡುತ್ತಾರೆ. ಕೆಳಗೆ ಹೂ ಮಾರುವವಳಿದ್ದರೆ ಅರ್ಧ ಗಂಟೆ ವಾಪಸ್ ಬರುವುದಿಲ್ಲ.

ಯಾವ ಮನೆಗೇ ಹೋಗಿ, ಹೋದ ವಾರದಲ್ಲೇ ಅಕ್ಕಪಕ್ಕದ ಮನೆ, ಕೆಳಗಿನ ಮನೆಯವರ ಬಾಗಿಲು ತಟ್ಟು. ಹಾಲುಕ್ಕಿಸಿದ ದಿನದ ಸಿಹಿ ಕೊಡುವ ನೆಪ ಇದ್ದೇ ಇದೆ. ಹೊಸಬರೇ ಮೊದಲು ಮಾತಾಡಿಸಬೇಕು, ಹಳಬರಿಗೆ ಅವಸರವಿಲ್ಲ. ವಾಟ್ಸಾಪ್ ಗುಂಪು ಮಾಡಲು ಹೋಗಬೇಡ. ಗುಂಪಾದ ದಿನದಿಂದ ಗುಡ್ ಮಾರ್ನಿಂಗ್ ಚಿತ್ರ ಕಳಿಸಿ ಎಲ್ಲರೂ ಮಲಗುತ್ತಾರೆ. ಒಬ್ಬರನ್ನು ಹಿಡಿ, ಒಬ್ಬರು ಸಾಕು. "ನಾಳೆ ಆರೂಕಾಲಿಗೆ ಗೇಟ್ ಹತ್ತಿರ ಇರ್ತೀನಿ, ಬನ್ನಿ" ಎಂದು ಹೊತ್ತು, ಜಾಗ ಎರಡನ್ನೂ ಹೇಳು. "ಒಂದಿನ ಹೋಗೋಣ" ಎಂದರೆ ಆ ದಿನ ಬರುವುದಿಲ್ಲ. ವಾರ್ಡಿನ ಸಭೆ ಇದ್ದರೆ ಹೋಗಿ ಆ ಚಪ್ಪಡಿ, ಆ ಇಳಿಜಾರಿನ ವಿಷಯ ಕೇಳು. ಒಬ್ಬಳೇ ಕೇಳಿದರೆ ಅರ್ಜಿ ಬರೆದುಕೊಡಿ ಎನ್ನುತ್ತಾರೆ, ಹಾಲಿನ ಬೂತಿನಲ್ಲಿ ಪರಿಚಯವಾದ ಆರು ಜನ ಜೊತೆಗೆ ಬಂದರೆ ಇಂಜಿನಿಯರನ್ನು ಕಳಿಸುತ್ತಾರೆ.

ನನ್ನ ಓಟು ಬನಶಂಕರಿಗೆ. ಅಲ್ಲಿ ಕಾರಿಗೆ ಮುಚ್ಚಿದ ಪಾರ್ಕಿಂಗ್ ಇಲ್ಲ ಎಂದು ಅಳಿಯಂದಿರು ಎರಡು ಸಲ ಫೋನಿನಲ್ಲಿ ಹೇಳಿದರು. ಕಾರು ಬಿಸಿಲಿನಲ್ಲಿ ನಿಂತರೆ ನಿಲ್ಲಲಿ ಬಿಡು. ಅದರ ಬಗ್ಗೆ ಅವರು ಮತ್ತೆ ಮಾತೆತ್ತಿದರೆ ಫೋನ್ ನನಗೆ ಕೊಡು.